ಹಳೇ ಉಸುಕು ಒಂದ ಹಿಡಿ

ಬೆಕ್ಕಿನ ಮರಿ ಸಾಕೀರೇನ್ರಿ ಯಾರರ? ಮುದ್ದು ಮಾಡೂದು, ಫೋಟೋ ಹಾಕೂದು ಕೇಳಾಕತ್ತಿಲ್ಲ ನಾ. ಮುಂಜಾನೆ ಎದ್ದು ಕಾಲು ನೆಲಕ್ಕ ಇಟ್ಟಕೂಡ್ಲೆ ಹಸಿ ಹತ್ತೂದು, ಆಮ್ಯಾಲ ಎಲ್ಲೆ ಉಚ್ಚಿ ಹೊಯ್ದೇತಿ ಅಂತ ಮನಿತುಂಬ ಮೂಸ್ಕೋತ ಅಡ್ಡಾಡೂದು. ಇದು ನಿಮಗೂ ಆಗೇತೇನು? ಆಗಿದ್ರ ಓದ್ರಿ. ಆಗಿಲ್ಲಂದ್ರೂ ಓದ್ರಿ. ಬೆಕ್ಕಿನ ಸುದ್ದಿ ಅರ್ಧಾ, ಇನ್ನರ್ಧಾ ನಮ್ಮ ಎದುರು ಮನ್ಯಾಗಿದ್ದ ಒಬ್ಬಾಕಿ ಸುದ್ದಿ.

ಹೆಸರು ಬರಿಯಂಗಿಲ್ಲ. ಆಕೀನ ಬ್ಯಾಡ ಅಂದಾಳ. "ಫೋನಿನ್ಯಾಗ ಊರ ಮಂದಿ ಸುದ್ದಿ ಎಲ್ಲಾ ಬರೀತಿ. ನಾ ಹೋದಮ್ಯಾಲ ನಂದೂ ಬರಿ ಬೇಕಾದ್ರ. ಹೆಸರೊಂದು ಹಾಕಬ್ಯಾಡ, ನನ್ನ ಮಗಾ ಓದತಾನ" ಅಂದಿದ್ಳು. ಹೋದ ತಿಂಗಳ ಹೋದ್ಳು. ಓಣಿ ಮಂದಿ ಎಲ್ಲಾ ಕಾಕು ಅಂತಿದ್ವಿ. ಇಲ್ಲೂ ಕಾಕು ಅಂತನ ಬರೀತೇನಿ.

ಕಾಕುನ ತವರುಮನಿ ಕಾಖಂಡಕಿ, ಕೊಟ್ಟಿದ್ದು ತಿಕೋಟಾಕ್ಕ. ಗಂಡ ಲಗೂನ ತೀರಕೊಂಡ. ಮೂವತ್ತು ವರ್ಷ ತಿಕೋಟಾದ ಮನೂಕಾ ಶೆಡ್ಡಿನ್ಯಾಗ ದುಡದಾಳ. ದ್ರಾಕ್ಷಿ ಒಣಗಿ ಮನೂಕಾ ಆದಮ್ಯಾಲ ಕಡ್ಡಿ ತಗಿಯೂದು, ಬಣ್ಣ ನೋಡಿ ಬ್ಯಾರೆ ಬ್ಯಾರೆ ಮಾಡೂದು ಹೆಂಗಸರ ಕೆಲಸ. ಮುಂಜಾನಿಂದ ಸಂಜಿತನಕ ಕುಂತಲ್ಲೇ ಕುಂಡ್ರಬೇಕು. ಮಗಾ ವಿಜಯಪುರದಾಗ ನಮ್ಮ ಎದುರಿಗೆ ಮನಿ ಮಾಡಿದಮ್ಯಾಲೂ ಸೀಜನ್ ಬಂತಂದ್ರ ಮುಂಜಾನೆ ಬಸ್ಸಿಗೆ ತಿಕೋಟಾಕ್ಕ ಹೋಗಾಕಿ. ಕಣ್ಣು ಮಂಜಾಗಿ ಹಸರು ಯಾವುದು ಹಳದಿ ಯಾವುದು ತಿಳೀದಂಗ ಆದಮ್ಯಾಲ ಬಿಟ್ಳು.

ಕೆಲಸ ಬಿಟ್ಳು, ಬೆರಳು ಬಿಡಲಿಲ್ಲ. ನಮ್ಮ ಕಟ್ಟಿ ಮ್ಯಾಲ ಕುಂತು ಮಾತಾಡ್ತಾ ಮಾತಾಡ್ತಾ ಸೆರಗಿನ ಮ್ಯಾಲ ಇಲ್ಲದ ಕಡ್ಡಿ ಆರಿಸಿ ಆರಿಸಿ ಬಾಜೂಕ ಇಡತಿದ್ಳು. ಕೇಳಿದ್ರ, "ನೀ ಫೋನ್ ತಿಕ್ಕಂಗಿಲ್ಲೇನು, ಇದೂ ಹಂಗ" ಅನ್ನಾಕಿ.

ಬಾಯಿ ಮಾತ್ರ ಕೇಳಬ್ಯಾಡ್ರಿ. ನನ್ನ ಚಾ ಕುಡದು, "ಇದನ್ನ ಜ್ವರ ಬಂದೋರಿಗೆ ಕೊಡು ಬೇ, ಎದ್ದು ಓಡಿಹೋಗ್ತಾರ" ಅಂತಿದ್ಳು. ಅಂದು ಇನ್ನೊಂದು ಕಪ್ಪು ಕೇಳತಿದ್ಳು.

ಇನ್ನ ನಂದು. ನಾಕು ವರ್ಷ ನಮ್ಮತ್ತಿ ಹಾಸಗಿ ಹಿಡದಿದ್ರು. ಉಚ್ಚಿ, ಹೇಲು, ಬಟ್ಟಿ ಬದಲಿ, ಮೈ ಒರಸೂದು ಎಲ್ಲಾ ನಾನ. ನಮ್ಮನಿಯವರದು ಸಂತಿ ಯಾಪಾರ. ರೆಡಿಮೇಡ್ ಬಟ್ಟಿ ಗಂಟು ಕಟ್ಟಿಕೊಂಡು ದಿನಾ ಒಂದೊಂದು ಊರ ಸಂತಿಗೆ ಹೋಗ್ತಾರ. ಮನ್ಯಾಗಿದ್ದಾಗೂ ಬಾಗಲದಾಗ ನಿಂತು "ಹೆಂಗದೀಬೇ ಯವ್ವಾ?" ಅಂತ ಕೇಳಿ, ಮೂಗಿಗೆ ಟವಲ್ ಹಿಡಕೊಂಡು ಹೊರಗ ಹೋಗಾವ್ರು. ಕೆಟ್ಟ ಮನಶಾರಲ್ಲ. ಅವ್ವನ್ನ ಹಂಗ ನೋಡಾಕ ಆಗ್ತಿರಲಿಲ್ಲಂತ. ನಂಗ ಆಗ್ತಿತ್ತೇನು? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಕಾಕು ಬಂದು ಒಂದು ಕಡೆ ಹಿಡದು ಅತ್ತಿನ್ನ ಹೊರಳಸಾಕ ಕೈ ಕೊಡತಿದ್ಳು. ಕೊಟ್ಟಾಕಿ ಆಕಿ ಒಬ್ಬಾಕೀನ.

ಅತ್ತಿ ತೀರಕೊಂಡು ಆರು ತಿಂಗಳಾಗಿತ್ತು. ನಾ ಆರು ತಿಂಗಳಿಂದ ನಿದ್ದಿ ಮಾಡಾಕತ್ತಿದ್ದೆ, ಆದ್ರೂ ದಣಿವು ಹೋಗಿರಲಿಲ್ಲ. ಒಂದಿನ ಕಾಕು, "ಗೆಳತ್ಯಾರನ್ನ ನೋಡಿ ಬರ್ತೇನಿ" ಅಂತ ತಿಕೋಟಾದ ಶೆಡ್ಡಿಗೆ ಹೋದಾಕಿ ಸಂಜಿಕ ಬರೋದ್ರಾಗ ಕೈಚೀಲದಾಗ ಬೆಕ್ಕಿನ ಮರಿ ತಂದಾಳ. ಎರಡು ತಿಂಗಳದ್ದು ಇದ್ದೀತು. ಬೂದಿ ಬಣ್ಣದ್ದು, ಕಿವಿ ಅಷ್ಟ ದೊಡ್ಡವು. ಶೆಡ್ಡಿನ್ಯಾಗ ಇಲಿ ಸಲುವಾಗಿ ಬೆಕ್ಕು ಇಟ್ಟಿರ್ತಾರ. ಇದರ ತಾಯಿ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕಿತ್ತಂತ.

ಬಸ್ಸಿನ್ಯಾಗ ಕಂಡಕ್ಟರ್ ಚೀಲ ಅಲುಗಾಡೂದು ನೋಡಿ, "ಅಜ್ಜಿ, ಒಳಗೇನೈತಿ? ಅದಕ್ಕ ಟಿಕೀಟ್ ಆಗ್ತೈತಿ" ಅಂದ್ನಂತ.

"ಹೆಂಗಸರಿಗೆ ಫ್ರೀ ಐತಲ್ಲೋ. ಇದೂ ಹೆಣ್ಣು."

"ಆಧಾರ್ ಕಾರ್ಡ್ ತೋರಸು ಹಂಗಾರ."

ಕಾಕು ಚೀಲ ಬಿಚ್ಚಿ ಬಾಲ ಎತ್ತಿ ತೋರಿಸ್ಯಾಳ. ಬಸ್ ತುಂಬ ನಗಿ. ಕಂಡಕ್ಟರ್ ಮುಂದ ಹೋಗ್ಯಾನ.

ಆ ಮರೀನ್ನ ತಂದು ನನ್ನ ಉಡ್ಯಾಗ ಹಾಕಿದ್ಳು.

"ಕಾಕು, ಸಾಕಾಗೇತಿ ನಂಗ. ನಾಕು ವರ್ಷ ಉಚ್ಚಿ ಬಳದು ಕೈ ಚರ್ಮ ಸುಲದಾವ. ಮತ್ತ ಅದನ್ನ ಮಾಡ್ಲೇನು?"

"ನಿನ್ನ ಕೈ ಖಾಲಿ ಆಗ್ಯಾವ ಬೇ. ದಿನಾ ನೋಡ್ತೇನಿ ನಾ, ಕಟ್ಟಿ ಮ್ಯಾಲ ಕುಂತು ಕೈ ಕೈ ಹಿಸಕತಿ. ಇಟ್ಕೊ. ಬ್ಯಾಡಾದ್ರ ವಾಪಸ್ ಕೊಡು."

ವಾಪಸ್ ಕೊಡಬೇಕಂತನ ಇಟ್ಕೊಂಡೆ. ರಾತ್ರಿ ಅದು ಬಂದು ನನ್ನ ಕುತ್ತಿಗಿ ಸಂದ್ಯಾಗ ಮಕ್ಕೊಂತು. ಆತು, ಮುಗೀತು ನಂದು.

ಮರುದಿನದಿಂದ ಶುರು ಆತು ನೋಡ್ರಿ. ಒಂದು ಹಳೇ ಪರಾತದಾಗ ಮಣ್ಣು ಹಾಕಿ ಮೂಲ್ಯಾಗ ಇಟ್ಟೆ. ಯಾವ ಮಣ್ಣು? ಹಿತ್ತಲದಾಗ ಇದ್ದ ಎರಿಮಣ್ಣು. ನಮ್ಮ ಕರೀ ಎರಿಮಣ್ಣಿಗೆ ನೀರು ಬಿದ್ರ ಏನಾಗ್ತೈತಿ ಅಂತ ನಮ್ಮ ಕಡೇರಿಗೆ ಹೇಳಬೇಕೇನು? ಮರಿ ಒಂದ ಸಲ ಅದ್ರಾಗ ಹೋಗಿ ಬಂತು. ನಾಕೂ ಕಾಲಿಗೆ ಅಂಟಿ ಅಂಟಿ ಬೂಟ್ ಹಾಕ್ಕೊಂಡಂಗ ಆಗಿತ್ತು. ಆ ಬೂಟಿನ್ಯಾಗ ಮನಿತುಂಬ, ಗಾದಿ ಮ್ಯಾಲ, ಒಲಿ ಕಟ್ಟಿ ಮ್ಯಾಲ ಮೆರವಣಿಗಿ. ಎರಡನೇ ಸಲ ಅದರ ಕಡೆ ಹೊಳ್ಳಿ ನೋಡಲಿಲ್ಲ. ನಾನೂ ಅದನ್ನ ಚೆಲ್ಲಿ, ಪರಾತ ಫಿನಾಯಿಲ್ ಹಾಕಿ ತಿಕ್ಕಿ ತಿಕ್ಕಿ ತೊಳದು, ಬ್ಯಾರೆ ಮಣ್ಣು ಹಾಕಿ ಇಟ್ಟೆ. ದಿನಕ್ಕ ಎರಡು ಸಲ ಫಿನಾಯಿಲ್. ನಾಕು ವರ್ಷದ ರೂಢಿ ಅದು, ಕೈ ತಾನ ಬಾಟ್ಲಿ ಕಡೆ ಹೋಗ್ತಿತ್ತು.

ಮರಿ ಪರಾತ ಬಿಟ್ಟು ಪಡಸಾಲಿಯೊಳಗಿನ ಹೊರಸು ಹಿಡೀತು. ನಮ್ಮತ್ತಿ ಮಲಗತಿದ್ದ ಹೊರಸು. ದಿನಾ ಅದರ ಮ್ಯಾಲನ.

ಮೊದಮೊದ್ಲ ನಾನ ಒರಸಿ ಮುಚ್ಚಿ ಹಾಕತಿದ್ದೆ. ಆದ್ರ ಒಂದಿನ ಬಬಲೇಶ್ವರ ಸಂತಿಗೆ ಕಟ್ಟಿಟ್ಟ ಬಟ್ಟಿ ಗಂಟು ಆ ಹೊರಸಿನ ಮ್ಯಾಲಿತ್ತು. ಸಂತ್ಯಾಗ ಯಾರೋ ಒಬ್ಬಾಕಿ ಕೂಸಿಗೆ ಫ್ರಾಕ್ ಹಿಡದು ನೋಡಾಕಿ, ಮೂಗಿನ ಹತ್ರ ಒಯ್ದು, "ಅಣ್ಣಾರ, ಇದನ್ನ ಮೊದ್ಲ ಯಾವ ಕೂಸಿಗೆ ಹಾಕಿದ್ರಿ?" ಅಂತ ಕೇಳ್ಯಾಳ. ಬಾಜೂ ಅಂಗಡಿಯವರೆಲ್ಲಾ ನಕ್ಕಾರ.

ಸಂಜಿಕ ಮನಿಗೆ ಬಂದವರು ಕಾಲ ಸೈತ ತೊಳೀಲಿಲ್ಲ. "ಮುಂದಿನ ಬಬಲೇಶ್ವರ ಸಂತಿತನಕ ಟೈಮ್ ಐತಿ. ಅಷ್ಟ್ರಾಗ ಕಲೀತು, ಇರಲಿ. ಇಲ್ಲಂದ್ರ ಚೀಲದಾಗ ಹಾಕ್ಕೊಂಡು ಹೋಗಿ ಸಂತ್ಯಾಗ ಬಿಟ್ಟು ಬರ್ತೇನಿ. ಅಲ್ಲೆ ಮೀನು ಮಾರೋರು ಅದಾರ, ಬದಕತೈತಿ."

ನಾಯಿಗಳೂ ಅದಾವ ಅಲ್ಲೆ.

ಮರುದಿನ ಮತ್ತ ಹೊರಸಿನ ಮ್ಯಾಲನ ಮಾಡ್ತು. ನಂಗ ಎಲ್ಲಿತ್ತೋ ಸಿಟ್ಟು. ಕುತ್ತಿಗಿ ಹಿಡದು ಅದರ ಮೂಗ ಹಸಿ ಜಾಗಾದಾಗ ತಿಕ್ಕಿದೆ. "ಮೂಸು, ನಿಂದು ನೀನ ಮೂಸು!"

ಬಾಗಲದಾಗ ಕಾಕು ನಿಂತಿದ್ಳು.

"ಬಿಡು ಅದನ್ನ."

"ಹಿಂಗ ಮಾಡಿದ್ರ ಕಲಿತಾವಂತ ಕಾಕು. ಎಲ್ಲಾರೂ ಹೇಳ್ತಾರ."

"ಏನ್ ಕಲಿತೈತಿ? ಜಾಗಾ ಕಲಿಯಂಗಿಲ್ಲ. ನಿನ್ನ ಕಣ್ಣ ತಪ್ಪಿಸೂದು ಕಲಿತೈತಿ."

ನಾ ಬಿಟ್ಟೆ. ಮರಿ ಹೋಗಿ ಟ್ರಂಕಿನ ಹಿಂದ ಸೇರಕೊಂತು. ಕಾಕು ಹೇಳಿದ ಆ ಮಾತು ಬರೇ ಬೆಕ್ಕಿಂದಲ್ಲ. ಅದು ನಂಗೂ ಗೊತ್ತಿತ್ತು, ಆಕಿಗೂ ಗೊತ್ತಿತ್ತು.

ನಿಮಗೂ ಹೇಳೇಬಿಡ್ತೇನಿ. ಮೂರನೇ ವರ್ಷ ಇದ್ದೀತು. ಒಂದು ಮಧ್ಯಾಹ್ನ ಅತ್ತಿ ಹಾಸಗಿ ಎಲ್ಲಾ ಬದಲಿ ಮಾಡಿ, ಇನ್ನೂ ನಾ ಕೈ ತೊಳದು ಬಂದಿದ್ದಿಲ್ಲ, ಮತ್ತ ಹಸಿ. ಒದರಿದೆ. "ಮತ್ತ ಮಾಡಿದ್ರೇನು? ನಾ ಏನ್ ಸಾಯ್ಲೇನು?" ಅಂತ. ಓಣಿಗೆ ಕೇಳೂವಂಗ. ಅವತ್ತಿಂದ ಅತ್ತಿ ನಂಗ ಹೇಳೂದು ಬಿಟ್ರು. ಹಸಿ ಆದ್ರೂ ಸುಮ್ಮನ ಮಲಗತಿದ್ರು. ಕೈಲೆ ಆದಷ್ಟು ಹಸಿ ಅರಿವಿ ಎಳದು ದಿಂಬಿನ ಬುಡಕ್ಕ ತುರಕತಿದ್ರು. ನಾ, ಅಬ್ಬಾ ಈಗೀಗ ಕಡಿಮಿ ಆಗೇತಿ ಅಂತ ಖುಷಿ ಪಟ್ಟೆ. ಬೆನ್ನಿಗೆ ಹುಣ್ಣು ಬಿದ್ದಮ್ಯಾಲ ಕಾಕು ದಿಂಬು ಎತ್ತಿ ನೋಡಿದ್ಳು. ಆ ಅರಿವಿ ಎಲ್ಲಾ ತಗದು ಬಕೀಟಿನ್ಯಾಗ ಹಾಕಿದ್ಳು. ನಂಗ ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಇರಲಿ. ಬೆಕ್ಕಿಗೆ ಬರ್ತೇನಿ.

"ಶೆಡ್ಡಿನ್ಯಾಗ ಮನೂಕಾದ ಮ್ಯಾಲ ಒಂದ ಸಲ ಬೆಕ್ಕು ಮಾಡ್ತಂದ್ರ ಆ ರಾಶಿ ತಿಪ್ಪಿಗೆ" ಅಂದ್ಳು ಕಾಕು. "ಅದಕ್ಕ ಮರಿ ಬಂತಂದ್ರ ಮೊದಲ ಪಾಠ ಇದು. ಮೂವತ್ತು ವರ್ಷದಾಗ ಎಷ್ಟು ಮರಿಗೆ ಕಲಿಸೇನಿ ನಾ. ಮೊದ್ಲ ಆ ಹೊರಸಿನ ನವಾರ ಪಟ್ಟಿ ಬಿಚ್ಚು."

"ಅದನ್ನ ಆರು ತಿಂಗಳ ಹಿಂದ ತೊಳದೇನಿ ಕಾಕು."

"ಹಳೇ ವಾಸನಿಗೆ ನಿನ್ನ ಮೂಗು ಸತ್ತೇತಿ ಬೇ. ಅದರ ಮೂಗು ಜೀವಂತ ಐತಿ. ನಿಮ್ಮತ್ತಿ ವಾಸನಿ ಇನ್ನೂ ಅದ್ರಾಗ ಐತಿ. ಮರಿ ಇದ ಉಚ್ಚಿ ಜಾಗಾ ಅಂತ ತಿಳಕೊಂಡೇತಿ. ಅದರದೇನು ತಪ್ಪು?"

ನವಾರ ಬಿಚ್ಚಿ ತಿಪ್ಪಿಗೆ ಒಗದೆ, ಹೊಸಾದು ಹಾಕಿದೆ. ಹೊರಸು ಎರಡು ದಿನ ಬಿಸಿಲಿಗೆ ನಿಲ್ಲಿಸಿದ್ವಿ. ಫಿನಾಯಿಲ್ ಬಾಟ್ಲಿ ಕಾಕು ತಾನ ಒಯ್ದಳು. "ಇದು ಬೆಕ್ಕಿಗೆ ವಿಷಾ. ಕಾಲಿಗೆ ಹತ್ತತೈತಿ, ಅದು ಕಾಲು ನೆಕ್ಕತೈತಿ, ಸಾಯ್ತೈತಿ." ಆಮ್ಯಾಲ ದ್ರಾಕ್ಷಿ ತುಂಬೋ ಹಳೇ ಕ್ರೇಟ್ ಒಂದು ತಂದು, ಮರಿ ಏರಾಕ ಆಗುವಂಗ ಒಂದು ಬದಿ ಕೊಯ್ದು ತಗ್ಗು ಮಾಡಿ, ಒಳಗ ಗೊಬ್ಬರ ಚೀಲ ಹಾಸಿದ್ಳು. ಮ್ಯಾಲ ಉಸುಕು. ಹಿಂದಿನ ಓಣ್ಯಾಗ ಮನಿ ಕಟ್ಟಾಕತ್ತಿದ್ರು, ಅಲ್ಲಿಂದ ಒಂದು ಬುಟ್ಟಿ ಕೇಳಿ ತಂದೆ. ಇಡೂ ಜಾಗಾನೂ ಆಕೀನ ಆರಿಸಿದ್ಳು. ಬಚ್ಚಲದ ಬಾಜೂ, ಯಾರೂ ಅಡ್ಡಾಡಲಾರದ ಮೂಲಿ. "ನೀ ಮಂದಿ ಮುಂದ ಕುಂಡ್ರತೀ ಏನು? ಅದಕ್ಕೂ ಮರ್ಯಾದಿ ಐತಿ."

ಹಾಲು ಕುಡದ ಕೂಡ್ಲೆ, ನಿದ್ದಿಂದ ಎದ್ದ ಕೂಡ್ಲೆ ಮರೀನ್ನ ಎತ್ತಿ ಅದ್ರಾಗ ಇಡೂದು. ಮುಂಗಾಲು ಹಿಡದು ಒಂದ ಸಲ ಉಸುಕು ಕೆದರಿ ತೋರಿಸೂದು. ಬಿಟ್ಟು ದೂರ ಕುಂಡ್ರೂದು. ಅಷ್ಟ. ಹೊರಗ ಮಾಡ್ತಂದ್ರ ಬೈಯಂಗಿಲ್ಲ, ಹೊಡ್ಯಂಗಿಲ್ಲ. ಅದನ್ನ ಕಾಗದದಾಗ ಬಳಕೊಂಡು ಕ್ರೇಟಿನ್ಯಾಗ ಹಾಕೂದು, ವಾಸನಿ ಅಲ್ಲಿರಲಿ ಅಂತ.

ಸ್ವಚ್ಛ ಮಾಡಾಕ ಹೋದ್ರ ಮಾತ್ರ ನನ್ನ ಕೈ ಹಿಡದ್ಳು. "ಎಲ್ಲಾ ತಗದು ಥಳಾಥಳಾ ಮಾಡಬ್ಯಾಡ. ಹಳೇ ಉಸುಕು ಒಂದ ಹಿಡಿ ಬಿಡು. ಅದರದು ಅಂತ ಅದಕ್ಕ ಗುರ್ತು ಬೇಕಲ್ಲ."

ಖರೇ ಹೇಳ್ತೇನಿ, ಬ್ಯಾಸರಕಿ ಕೆಲಸ ಅದು. ಬಚ್ಚಲದ ಬಾಗಲದಾಗ ಕುಂತು ಬೆಕ್ಕು ಯಾವಾಗ ಮಾಡೀತು ಅಂತ ಕಾಯೂದು. ರೊಟ್ಟಿ ಹಿಟ್ಟು ಕಲಿಸಿಟ್ಟು ಓಡಿ ಬರೂದು. ಸೊಂಟ ಹಿಡಕೊಂಡು ಏಳೂದು. ಮರಿ ಉಸುಕಿನ್ಯಾಗ ಆಟ ಆಡೀತು, ಮಕ್ಕೊಂಡೀತು, ಹೊರಗ ಬಂದು ನನ್ನ ಕಾಲ ಮ್ಯಾಲ ಹೊಯ್ದೀತು. ಕಾಕು ಕಟ್ಟಿ ಮ್ಯಾಲಿಂದ, "ಏನಂತೈತಿ ಸಾಲಿ?" ಅಂತ ಕೂಗಾಕಿ. "ಫೇಲ್" ಅಂತಿದ್ದೆ. "ಮಾಸ್ತರೀನ ಸರಿಯಿಲ್ಲ" ಅಂತಿದ್ಳು.

ಮೂರನೇ ದಿನ ಮಧ್ಯಾಹ್ನ ಮರಿ ತಾನ ಎದ್ದು ನಡಕೋತ ಹೋಗಿ ಕ್ರೇಟಿನ್ಯಾಗ ಇಳದು, ಕೆದರಿ, ಮಾಡಿ, ಮುಚ್ಚಿ ಬಂತು. ಬಾಯಿ ಮ್ಯಾಲ ಸೆರಗು ಇಟ್ಕೊಂಡು ಅತ್ತಬಿಟ್ಟೆ ನಾ. ಯಾಕಂತ ಕೇಳಬ್ಯಾಡ್ರಿ.

ಅಲ್ಲಿಂದ ಒಂದು ಹನಿ ಹೊರಗ ಬೀಳಲಿಲ್ಲ. ಸಂತಿ ದಿನ ಬಂತು.

ಮುಂಜಾನೆ ನಮ್ಮನಿಯವರು ಗಂಟು ಕಟ್ಟಾಕತ್ತಿದ್ರು. ಓಣಿ ತುದ್ಯಾಗ ಸಂತಿಗೆ ಒಯ್ಯೂ ಟಮಟಮ ಆಟೋ ಬಂದು ಹಾರ್ನ್ ಹೊಡ್ಯಾಕತ್ತಿತ್ತು. "ರಿಸಲ್ಟ್ ನೋಡಾಕ ಬಂದೇನಿ" ಅಂತ ಕಾಕು ಬಂದು ಹೊರಸಿನ ಮ್ಯಾಲ ಕುಂತ್ಳು. ನಾ ಒಳಗ ಬುತ್ತಿ ಕಟ್ಟಾಕ ಹೋದೆ. ಹೊಳ್ಳಿ ಬರೋದ್ರಾಗ ಕಾಕು ಎದ್ದು ಗ್ವಾಡಿಗೆ ಆನಕೊಂಡು ನಿಂತಿದ್ಳು. ಹೊರಸಿನ ಮ್ಯಾಲ ಹಾಸಿದ್ದ ಕೌದಿ ಮಡಚಿ ಎರಡು ಪದರ ಆಗಿತ್ತು. ಅದರ ಮ್ಯಾಲ ಮರಿ ಕುಂತಿತ್ತು.

ನಮ್ಮನಿಯವರು ಗಂಟು ಎತ್ತಾಕ ಹೊರಸಿನ ಮ್ಯಾಲ ಕೈ ಊರಿದ್ರು. ಕೈಗೆ ಹಸಿ ಹತ್ತಿತು. ಮೂಸಿ ನೋಡಿ ಕೈ ಝಾಡಿಸಿದ್ರು.

"ಆತಿಲ್ಲೋ ನಿಮ್ಮ ಸಾಲಿ? ಚೀಲ ಕೊಡು."

ನಾ ಹತ್ರ ಹೋದೆ. ನಾಕು ವರ್ಷ ಆ ವಾಸನ್ಯಾಗ ಬಾಳೇ ಮಾಡಿದಾಕಿ ನಾ. ಬೆಕ್ಕಿಂದು ಯಾವುದು, ಮನಶಾರದು ಯಾವುದು ಅಂತ ಕಣ್ಣ ಮುಚ್ಚಿ ಹೇಳ್ತೇನಿ. ಮತ್ತ ಅಷ್ಟು ಗೇಣುದ್ದ ಮರಿ ಅಷ್ಟು ದೊಡ್ಡ ಜಾಗಾ ಹಸಿ ಮಾಡಾಕ ಸಾಧ್ಯನೂ ಇಲ್ಲ. ನಮ್ಮನಿಯವರಿಗೆ ತಿಳೀಲಿಲ್ಲ. ಒಂದಿನರ ಅವ್ವನ ಅರಿವಿ ಒಗದಿದ್ರ ತಿಳೀತಿತ್ತು.

ಕಾಕುನ ಕಡೆ ನೋಡಿದೆ. ಆಕಿ ನನ್ನ ಕಡೆ ನೋಡಲಿಲ್ಲ. ಸೀರಿ ಹಿಂದಿನ ಬದಿ ಗ್ವಾಡಿಗೆ ಒತ್ತಿ ನಿಂತಿದ್ಳು. ಬೆರಳು ಏನೂ ಆರಿಸಾಕತ್ತಿರಲಿಲ್ಲ.

ನಾ ಏನು ಮಾಡಿದೆ ಗೊತ್ತೇನ್ರಿ? ಚೀಲ ತಂದು ಕೊಟ್ಟೆ. ಬೆಕ್ಕು ಬೆಕ್ಕು, ಕಾಕು ಮನಶಾಳು. ಆಕಿ ಮಾನ ತಗದು ಬೆಕ್ಕು ಉಳಿಸ್ಲೇನು ಅಂತ ಮನಸ್ಸಿನ್ಯಾಗ ಅಂದ್ಕೊಂಡೆ. ಅದು ಖರೇನ. ಆದ್ರ ಇನ್ನೊಂದೂ ಖರೆ. ಹೋದ್ರ ಹೋಗ್ಲಿ, ಒಂದು ಕೆಲಸ ಕಡಿಮಿ ಆಗ್ತೈತಿ ಅಂತ ಹಗುರೂ ಅನಿಸ್ತು. ದಣದಾಕಿ ಮನಸ್ಸು ಹಂಗ ಇರತೈತಿ.

ಅವರು ಮರಿ ಕುತ್ತಿಗಿ ಹಿಡದು ಚೀಲದಾಗ ಇಳಿಬಿಟ್ಟು ಜಿಪ್ ಹಾಕಿದ್ರು. ಅದು ಒಂದ ಸಲ ಒದರಿತು. ಗಂಟು ಹೆಗಲಿಗೆ, ಚೀಲ ಕೈಯಾಗ. ಹೊಸ್ತಲಾ ದಾಟಿದ್ರು.

"ತಮ್ಮಾ, ನಿಲ್ಲು."

ನಿಂತ್ರು.

"ಅದು ಕಲತೈತಿ. ನಾ ಮರತೇನಿ."

ನಮ್ಮನಿಯವರಿಗೆ ತಿಳೀಲಿಲ್ಲ. "ಏನ್ ಕಾಕು?"

"ಆ ಹಸಿ ನಂದೋ ಯಪ್ಪಾ. ಕುಂತಲ್ಲೇ ಆತು, ನಂಗ ಗೊತ್ತ ಆಗಲಿಲ್ಲ. ಮನ್ಯಾಗೂ ಎರಡ ಸಲ ಆಗೇತಿ. ಸೊಸಿ ಬೈದ್ಳು. ಇಲ್ಲೂ ಬೈತೀರೇನೋ ಅಂತ ಮುಚ್ಚಿದೆ." ಆಮ್ಯಾಲ ನನ್ನ ಕಡೆ ನೋಡಿ ಸಣ್ಣಗ ಅಂದ್ಳು, "ಬೆಕ್ಕಿಗೆ ಕಲಿಸಾಕಿ ನಾ. ಎಂಥಾ ಕೆಲಸ ಮಾಡಿದೆ ನೋಡು."

ಓಣಿ ತುದ್ಯಾಗ ಹಾರ್ನ್ ಹೊಡೀತು. ಇನ್ನೊಂದು ಸಲ ಹೊಡೀತು.

ನಮ್ಮನಿಯವರು ಗಂಟು ಕಟ್ಟಿ ಮ್ಯಾಲ ಇಟ್ರು. ಜಿಪ್ ತಗದ್ರು. ಮರಿ ಜಿಗದು ಸೀದಾ ಬಚ್ಚಲದ ಕಡೆ ಓಡ್ತು. ಅವರು ಒಳಗ ಬಂದು ಹೊರಸಿನ ಮ್ಯಾಲಿನ ಆ ಕೌದಿ ಸುತ್ತಿ ಎದಿಗೆ ಅವಚಿಕೊಂಡು ಹಿತ್ತಲಕ್ಕ ಹೋದ್ರು. ಮೂಗಿಗೆ ಟವಲ್ ಹಿಡೀಲಿಲ್ಲ. ಬಕೀಟಿನ್ಯಾಗ ನೀರು ಬಿಡೂ ಸಪ್ಪಳ ಕೇಳಿಸ್ತು. ತಮ್ಮ ಅವ್ವನ ಒಂದು ಅರಿವಿ ಮುಟ್ಟಲಾರದ ಮನಶಾ ಕಲ್ಲಿನ ಮ್ಯಾಲ ಆ ಕೌದಿ ಹಾಕಿ ತಿಕ್ಕಾಕತ್ತಿದ್ರು. ನಾ ಹೋಗಿ "ತರ್ರಿ ಇಲ್ಲೆ" ಅಂದೆ. "ನೀ ಕಾಕುಗ ಬ್ಯಾರೆ ಸೀರಿ ಕೊಡು" ಅಂದ್ರು. ಹೊಳ್ಳಿ ನೋಡಲಿಲ್ಲ.

ತಡಾ ಮಾಡಿ ಹೋದಾಗ ಟಮಟಮದಾಂವ ಬೈಯೂದು ನಮ್ಮ ಮನಿತನಕ ಕೇಳಿಸ್ತು. ಇವರು ಹೇಳಿದ್ದೂ ಕೇಳಿಸ್ತು. "ಏನ್ ಮಾಡೂದೋ ಮಾರಾಯಾ, ಬೆಕ್ಕು ಕೌದಿ ಮ್ಯಾಲ ಹೊಯ್ದಿತ್ತು, ಒಗದು ಹಾಕಿ ಬಂದೆ."

ನನ್ನ ಸೀರಿ ಉಟ್ಟಗೊಂಡು ಕುಂತಿದ್ದ ಕಾಕುನೂ ಕೇಳಿಸಿಕೊಂಡ್ಳು. "ನಿನ್ನ ಗಂಡ ಸುಳ್ಳು ಭಾಳ ಚಲೋ ಹೇಳ್ತಾನ ಬೇ" ಅಂದ್ಳು. ಆಮ್ಯಾಲ ಚಾ ಕೇಳಿದ್ಳು.

ಅವತ್ತ ಸಂಜಿಕ ಅವರು ಬಬಲೇಶ್ವರದಿಂದ ಬರೋವಾಗ ದಪ್ಪ ಪ್ಲಾಸ್ಟಿಕ್ ಹಾಳಿ ತಂದಿದ್ರು. ಹೊರಸಿನ ಮ್ಯಾಲ ಹಾಸಿ, ಅದರ ಮ್ಯಾಲ ಕೌದಿ ಹಾಸಿದ್ವಿ. ಮನಿಗೆ ಬಂದವರು ಕುಂತಾಗ ಚರಚರ ಸಪ್ಪಳ ಆದ್ರ, "ಬೆಕ್ಕಿನ ಸಲುವಾಗಿ ರೀ" ಅಂತಿದ್ವಿ. ಕಾಕು ಅದರ ಮ್ಯಾಲ ಇನ್ನೂ ಎಂಟು ತಿಂಗಳು ಕುಂತ್ಳು. ಹಸಿ ಆದ ದಿನಾ, "ಏ, ಇವತ್ತ ನಿಮ್ಮ ಬೆಕ್ಕು ಮತ್ತ ಫೇಲ್" ಅಂತ ತಾನ ಕೂಗಿ ಹೇಳಾಕಿ. ಮುಚ್ಚೂದು ಬಿಟ್ಟಿದ್ಳು. ಬೆರಳು ಮೊದಲಿನಂಗ ಇಲ್ಲದ ಕಡ್ಡಿ ಆರಿಸತಿದ್ವು.

ಬೆಕ್ಕು ಈಗ ದೊಡ್ಡದಾಗೇತಿ. ಅವತ್ತಿಂದ ಇವತ್ತಿನತನಕ ಹೊರಗ ಮಾಡಿಲ್ಲ. ಹಾಳಿ ಇನ್ನೂ ಹೊರಸಿನ ಮ್ಯಾಲನ ಐತಿ, ತಗಿಯಾಕ ಮನಸ್ಸ ಬಂದಿಲ್ಲ. ದಿನಾ ಕ್ರೇಟ್ ಬಳೀತೇನಿ. ಸೊಂಟ ನೋಯ್ತೈತಿ, ಬೈಕೋತ ಬಳೀತೇನಿ. ಹಳೇ ಉಸುಕು ಒಂದ ಹಿಡಿ ಬಿಡ್ತೇನಿ.

ಈಗ ನೀವು ಹೇಳ್ರಿ. ನಿಮ್ಮ ಮನ್ಯಾಗ ಯಾರು ಹಸಿ ಮುಚ್ಚಿಟ್ಟಿದ್ರು, ನೀವು ಏನಂದ್ರಿ, ಒದರಿದ್ರೋ ಬಳದ್ರೋ, ಕೆಳಗ ಬರೀರಿ. ಉದ್ದ ಆದ್ರೂ ನಡೀತೈತಿ, ನಾ ಎಲ್ಲಾ ಓದ್ತೇನಿ. ಯಾರದೂ ಹೆಸರು ಬ್ಯಾಡ. ಬರಿಯಾಕ ನಾಚಿಕಿ ಆತಂದ್ರ, "ಬೆಕ್ಕು ಮಾಡಿತ್ತು" ಅಂತ ಬರೀರಿ. ನಂಗ ತಿಳೀತೈತಿ.